ಕಾಯಿಲೆಯ ಭಯ, ಕೈಯಲ್ಲಿ ಸಿಗರೇಟು: ಸಾಂಕ್ರಾಮಿಕದ ಕಾಲದಲ್ಲಿ ಎರಡರಿಂದಲೂ ಹೊರಬರುವ ಸಮಗ್ರ ಮಾರ್ಗದರ್ಶಿ

ಕೊರೊನಾ ಕಾಲದಲ್ಲಿ ಸಿಗರೇಟು, ಬೀಡಿ ಸೇದುವವರಿಗೆ ಇಬ್ಬಗೆಯ ಭಯವಿತ್ತು. ಒಂದು, ಊರಿಗೆಲ್ಲ ಇದ್ದ ಸೋಂಕಿನ ಭಯ. ಇನ್ನೊಂದು, "ನನ್ನ ಎದೆ ಮೊದಲೇ ಹಾಳಾಗಿದೆ, ನನಗೆ ಬಂದರೆ ಗತಿ ಏನು" ಅನ್ನುವ ಒಳಗಿನ ಭಯ. ಈ ಎರಡನೆಯದನ್ನು ಯಾರ ಹತ್ತಿರವೂ ಹೇಳಿಕೊಳ್ಳಲು ಆಗುವುದಿಲ್ಲ. ಹೇಳಿದರೆ "ಹಾಗಾದ್ರೆ ಬಿಟ್ಟುಬಿಡು" ಅನ್ನುವ ಒಂದೇ ಉತ್ತರ. ಬಿಡಬೇಕು ಅಂತ ಸೇದುವವರಿಗೆ ಗೊತ್ತಿರುವುದಿಲ್ಲವೇ? ಹೇಗೆ ಅನ್ನುವುದು ಅವರ ಪ್ರಶ್ನೆ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಅದೇ ತಿಂಗಳ 25ರಿಂದ ಲಾಕ್‌ಡೌನ್. ಏಪ್ರಿಲ್ ನಡುವಿಗೆ ತಂಬಾಕು, ಗುಟ್ಕಾ ಮಾರಾಟಕ್ಕೂ ಕೇಂದ್ರ ಸರ್ಕಾರ ತಡೆ ಹಾಕಿತು. ಭಯವೂ ಇತ್ತು, ಅಂಗಡಿಯೂ ಮುಚ್ಚಿತ್ತು. ಎಲ್ಲರೂ ಬಿಟ್ಟುಬಿಡಬೇಕಿತ್ತು, ಅಲ್ವಾ? ಕೆಲವರು ನಿಜಕ್ಕೂ ಬಿಟ್ಟರು. ಇನ್ನು ಕೆಲವರು ಎರಡು ಪಟ್ಟು ದುಡ್ಡು ಕೊಟ್ಟು ಗುಟ್ಟಾಗಿ ತರಿಸಿಕೊಂಡರು. ಬಿಸಾಡಿದ ಮೋಟು ಬೀಡಿ ಹುಡುಕಿ ಹಚ್ಚಿದವರೂ ಇದ್ದಾರೆ. ದಕ್ಷಿಣ ಆಫ್ರಿಕಾದಲ್ಲಂತೂ ಮಾರ್ಚ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ತಂಬಾಕು ಮಾರಾಟವನ್ನೇ ನಿಷೇಧಿಸಿದ್ದರು. ಅಲ್ಲೂ ಕಳ್ಳಸಂತೆ ಭರ್ಜರಿಯಾಗಿ ನಡೆಯಿತು.

ಭಯ ಒಂದರಿಂದಲೇ ಚಟ ಬಿಡುವುದಿಲ್ಲ. ಎಷ್ಟೋ ಸಲ ಭಯ ಹೆಚ್ಚಾದಷ್ಟೂ ಸಿಗರೇಟೂ ಹೆಚ್ಚಾಗುತ್ತದೆ. ಭಯ ಬಂದ ಗಳಿಗೆಯಲ್ಲಿ ಮಾಡುವುದಕ್ಕೆ ಒಂದು ಸಣ್ಣ ಕೆಲಸ ಕೈಗೆ ಸಿಕ್ಕರೆ ಮಾತ್ರ ಅದರಿಂದ ಉಪಯೋಗ. ಇಲ್ಲಿ ಬರೆದಿರುವುದು ಆ ಕೆಲಸಗಳನ್ನು. ಕೊರೊನಾವನ್ನು ಮುಂದಿಟ್ಟುಕೊಂಡು ಬರೆದಿದ್ದರೂ, ನಾಳೆ ಇನ್ನಾವುದೋ ಶ್ವಾಸಕೋಶದ ಸೋಂಕು ಹರಡಿದರೂ ಇವು ಬದಲಾಗುವುದಿಲ್ಲ.

ಎಷ್ಟು ಹೆದರಬೇಕು, ಎಷ್ಟು ಬೇಡ

2020ರ ಏಪ್ರಿಲ್‌ನಲ್ಲಿ "ಸಿಗರೇಟು ಸೇದುವವರಿಗೆ ಕೊರೊನಾ ಬರುವುದು ಕಡಿಮೆಯಂತೆ" ಅನ್ನುವ ಸುದ್ದಿ ವಾಟ್ಸಾಪ್‌ನಲ್ಲಿ ಓಡಾಡಿತು. ಅದು ಪೂರ್ತಿ ಗಾಳಿಸುದ್ದಿಯಲ್ಲ. ಪ್ಯಾರಿಸ್‌ನ ಒಂದು ದೊಡ್ಡ ಆಸ್ಪತ್ರೆಯ ವೈದ್ಯರು, ಕೊರೊನಾ ರೋಗಿಗಳಲ್ಲಿ ಸೇದುವವರು ಕಡಿಮೆ ಕಾಣುತ್ತಿದ್ದಾರೆ, ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ಕಾರಣವಿರಬಹುದೇ ಅಂತ ಒಂದು ಊಹೆ ಮುಂದಿಟ್ಟಿದ್ದರು. ಜನ ಚಟ ಬಿಡಲು ಬಳಸುವ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್‌ಗಳಿಗೆ ಮುಗಿಬಿದ್ದಾರು ಅಂತ ಫ್ರಾನ್ಸ್ ಸರ್ಕಾರ ಅವುಗಳ ಮಾರಾಟಕ್ಕೆ ಮಿತಿ ಹಾಕಿತು. ಆದರೆ ಆಸ್ಪತ್ರೆಯ ಗಡಿಬಿಡಿಯಲ್ಲಿ "ನೀವು ಸೇದುತ್ತೀರಾ" ಅಂತ ಕೇಳಿ ಬರೆದುಕೊಳ್ಳುವುದೇ ಎಷ್ಟೋ ಕಡೆ ಆಗಿರಲಿಲ್ಲ. ಉಸಿರಾಡಲಾಗದ ರೋಗಿಗೆ ಉತ್ತರ ಕೊಡುವ ಸ್ಥಿತಿಯೂ ಇರಲಿಲ್ಲ. ಸೇದುವವರಿಗೆ ಸೋಂಕು ಕಡಿಮೆ ಅಂದ ಒಂದು ಸಂಶೋಧನಾ ಲೇಖನವನ್ನು ಪತ್ರಿಕೆಯೇ 2021ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಬರೆದವರಲ್ಲಿ ಕೆಲವರಿಗೆ ತಂಬಾಕು ಉದ್ಯಮದ ಜೊತೆ ನಂಟಿತ್ತು, ಅದನ್ನು ಅವರು ಮುಚ್ಚಿಟ್ಟಿದ್ದರು.

ಗಟ್ಟಿಯಾಗಿ ನಿಂತಿರುವ ಮಾತು ಬೇರೆ. ಸೇದುವವರಿಗೆ ಕೊರೊನಾ ಬಂದರೆ ಅದು ತೀವ್ರವಾಗುವ ಸಾಧ್ಯತೆ ಸೇದದವರಿಗಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಇದನ್ನು ಹೇಳಿತು. ಕಾರಣ ಸರಳ. ನಮ್ಮ ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಕಫ, ಧೂಳು, ರೋಗಾಣುಗಳನ್ನು ಮೇಲಕ್ಕೆ ತಳ್ಳುವುದೇ ಅವುಗಳ ಕೆಲಸ. ಹೊಗೆ ತಾಗಿದರೆ ಅವು ಮಂಕಾಗುತ್ತವೆ. ಬಂದ ರೋಗಾಣು ಒಳಗೇ ಉಳಿಯುತ್ತದೆ. ಅದರ ಮೇಲೆ ಹೃದಯ, ರಕ್ತನಾಳಗಳಿಗೂ ಮೊದಲೇ ಪೆಟ್ಟು ಬಿದ್ದಿರುತ್ತದೆ.

ಹಾಗಂತ "ನಾನು ಸೇದುತ್ತೇನೆ, ಬಂದರೆ ಸತ್ತೇ ಹೋಗುತ್ತೇನೆ" ಅನ್ನುವುದೂ ತಪ್ಪು ಲೆಕ್ಕ. ಸೋಂಕು ತಗುಲಿದ ಸೇದುವವರಲ್ಲೂ ಬಹುಪಾಲು ಜನ ಚೇತರಿಸಿಕೊಂಡರು. "ಇಷ್ಟು ವರ್ಷ ಸೇದಿ ಆಯಿತು, ಈಗ ಬಿಟ್ಟು ಏನು ಪ್ರಯೋಜನ" ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಕೊನೆಯ ಸಿಗರೇಟು ಆರಿಸಿದ 20 ನಿಮಿಷಕ್ಕೆ ಎದೆಬಡಿತ ಇಳಿಯುತ್ತದೆ. ಸುಮಾರು 12 ಗಂಟೆಯಲ್ಲಿ ಹೊಗೆಯಿಂದ ರಕ್ತಕ್ಕೆ ಸೇರಿದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. 2 ವಾರದಿಂದ 3 ತಿಂಗಳೊಳಗೆ ರಕ್ತ ಸಂಚಾರ, ಶ್ವಾಸಕೋಶದ ಕೆಲಸ ಎರಡೂ ಸುಧಾರಿಸುತ್ತವೆ. ಸಾಂಕ್ರಾಮಿಕ ಬಂದರೆ ಸಾಮಾನ್ಯವಾಗಿ ಅಷ್ಟು ದಿನ ಇದ್ದೇ ಇರುತ್ತದೆ. ಅದರ ನಡುವೆ ಬಿಟ್ಟರೂ ಅದೇ ಅಲೆಯಲ್ಲಿ ಲಾಭ ಸಿಗಬಹುದು.

ಭಯ ಮತ್ತು ಚಟ ಹೆಣೆದುಕೊಳ್ಳುವ ಬಗೆ

ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಆಗ ಚಡಪಡಿಕೆ ಶುರುವಾಗುತ್ತದೆ, ಎದೆ ಬಿಗಿದಂತೆ ಆಗುತ್ತದೆ, ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಸಾಮಾನ್ಯ ದಿನಗಳಲ್ಲಾದರೆ "ಒಂದು ದಮ್ ಹೊಡೀಬೇಕು" ಅನಿಸುತ್ತದೆ. ಸಾಂಕ್ರಾಮಿಕದ ದಿನಗಳಲ್ಲಿ ಅದೇ ಬಿಗಿತ "ನನಗೆ ಬಂದೇಬಿಟ್ಟಿತಾ" ಅಂತ ಕೇಳಿಸುತ್ತದೆ. ಹೆದರಿ ಸಿಗರೇಟು ಹಚ್ಚುತ್ತೀರಿ. ನಿಕೋಟಿನ್ ಸಿಕ್ಕಿ ಚಡಪಡಿಕೆ ತಗ್ಗುತ್ತದೆ. ಸಿಗರೇಟು ಭಯ ಕಳೆಯಿತು ಅಂದುಕೊಳ್ಳುತ್ತೀರಿ. ಅದು ಕಳೆದದ್ದು ತಾನೇ ತಂದಿಟ್ಟ ಚಡಪಡಿಕೆಯನ್ನು. ಅಷ್ಟರಲ್ಲಿ ಕೆಮ್ಮು ಬರುತ್ತದೆ, ಮತ್ತೆ ಭಯ, ಮತ್ತೆ ಸಿಗರೇಟು.

ಬಿಟ್ಟು ಕೆಲವು ವಾರ ಕಳೆದವರಲ್ಲಿ ಆತಂಕ, ಬೇಸರ ಸೇದುತ್ತಿದ್ದ ಕಾಲಕ್ಕಿಂತ ಕಡಿಮೆಯಾಗಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. "ಟೆನ್ಶನ್ ಇರುವಾಗ ಬಿಡಬಾರದು, ಎಲ್ಲ ಮುಗಿಯಲಿ" ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹೆಜ್ಜೆ 1: ಎರಡು ದಿನ ಸುಮ್ನೆ ಬರೆದಿಡಿ

ಏನೂ ಕಡಿಮೆ ಮಾಡಬೇಡಿ. ಒಂದು ಚೀಟಿಯನ್ನು ಪ್ಯಾಕಿಗೋ ಬೀಡಿ ಕಟ್ಟಿಗೋ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿ. ಪ್ರತಿ ಸಲ ಹಚ್ಚುವ ಮುಂಚೆ ಹೊತ್ತು ಬರೆಯಿರಿ. ಪಕ್ಕದಲ್ಲಿ ಒಂದೇ ಪದ: ಅಭ್ಯಾಸ, ಚಡಪಡಿಕೆ, ಅಥವಾ ಭಯ. ಟೀ ಜೊತೆ ಸೇದಿದ್ದು ಅಭ್ಯಾಸ. ಟಿವಿಯಲ್ಲಿ ಸಾವಿನ ಸಂಖ್ಯೆ ನೋಡಿ ಎದ್ದು ಹೋಗಿ ಸೇದಿದ್ದು ಭಯ.

ಈ ಚೀಟಿಯಲ್ಲಿ ಎರಡು ವಿಷಯ ನೋಡಿ. ಎದ್ದ ಎಷ್ಟು ನಿಮಿಷಕ್ಕೆ ಮೊದಲನೆಯದು ಹಚ್ಚಿದಿರಿ? ಅರ್ಧ ಗಂಟೆಯೊಳಗೆ ಅಂದರೆ ಮೈಗೆ ನಿಕೋಟಿನ್ ಚೆನ್ನಾಗಿಯೇ ಅಂಟಿದೆ. ಬರೀ ಮನೋಬಲ ನಂಬಿಕೊಳ್ಳಬೇಡಿ, ಔಷಧದ ಸಹಾಯ ತೆಗೆದುಕೊಳ್ಳಿ. ಎರಡನೆಯದು, ಭಯ ಅಂತ ಬರೆದವು ಯಾವ ಹೊತ್ತಿಗೆ ಬಂದಿವೆ? ರಾತ್ರಿ ಮಲಗುವ ಮುಂಚೆ, ಸುದ್ದಿ ನೋಡಿದ ಮೇಲೆ, ಯಾರದೋ ಸಾವಿನ ಫೋನ್ ಬಂದ ಮೇಲೆ ಇರಬಹುದು. ಆ ಹೊತ್ತುಗಳಿಗೆ ಮೊದಲೇ ತಯಾರಾಗಿ.

ಹೆಜ್ಜೆ 2: ದಿನ ಗೊತ್ತು ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ

ಒಂದು ವಾರದೊಳಗಿನ ದಿನವೇ ಆಗಲಿ. ಹಬ್ಬ, ಹುಟ್ಟುಹಬ್ಬ, ಅಮಾವಾಸ್ಯೆ ಕಳೆಯಲಿ ಅಂತ ಮುಂದೂಡಬೇಡಿ. ಮನೆಯಲ್ಲಿ ಒಬ್ಬರಿಗೆ ಹೇಳಿಡಿ. ಹೇಳುವಾಗ ಏನು ಬೇಕು ಅನ್ನುವುದನ್ನೂ ಹೇಳಿ: "ಒಂದು ವಾರ ನಾನು ಸಿಡುಕಬಹುದು. ಆಗ ಬುದ್ಧಿ ಹೇಳಬೇಡ, ಸ್ವಲ್ಪ ಹೊತ್ತು ನನ್ನ ಪಾಡಿಗೆ ಬಿಡು." ಮನೆಯವರೂ ನೆನಪಿಡಿ. "ನೀನು ಸೇದಿ ಸೇದಿ ನಮಗೆಲ್ಲ ಕಾಯಿಲೆ ತರ್ತೀಯ" ಅಂದರೆ ಅವರು ಬಿಡುವುದಿಲ್ಲ, ತಾರಸಿಗೆ ಹೋಗಿ ಕದ್ದು ಸೇದುತ್ತಾರೆ.

ಹಿಂದಿನ ರಾತ್ರಿ ಪ್ಯಾಕು, ಲೈಟರು, ಕಡ್ಡಿಪೆಟ್ಟಿಗೆ ಎಲ್ಲ ಎತ್ತಿ ಹಾಕಿ. ಗಾಡಿಯ ಡಿಕ್ಕಿ, ಹಳೇ ಪ್ಯಾಂಟಿನ ಜೇಬು ಕೂಡ ತಡಕಿ.

ಹೆಜ್ಜೆ 3: ಗಮ್ ಸರಿಯಾಗಿ ಬಳಸಿ

ನಿಕೋಟಿನ್ ಗಮ್ ತೆಗೆದುಕೊಂಡು "ಇದು ಕೆಲಸ ಮಾಡಲ್ಲ" ಅಂತ ಬಿಸಾಡಿದವರು ಬಹಳ. ಅವರಲ್ಲಿ ಹೆಚ್ಚಿನವರು ಅದನ್ನು ಬಬಲ್ ಗಮ್ ಥರ ಜಗಿದಿರುತ್ತಾರೆ. ಹಾಗೆ ಜಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ವಾಕರಿಕೆ ಬರುತ್ತದೆ, ಚಡಪಡಿಕೆ ಮಾತ್ರ ಹೋಗುವುದಿಲ್ಲ.

ಸರಿಯಾದ ಕ್ರಮ ಹೀಗಿದೆ. ಒಂದು ಗಮ್ ಬಾಯಿಗೆ ಹಾಕಿ ನಿಧಾನವಾಗಿ ಜಗಿಯಿರಿ. ಸ್ವಲ್ಪ ಹೊತ್ತಿಗೆ ಖಾರ ಖಾರ, ಜುಮ್ಮೆನ್ನುವ ರುಚಿ ಬರುತ್ತದೆ. ಬಂದ ಕೂಡಲೇ ಜಗಿಯುವುದು ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ. ಒಂದು ನಿಮಿಷದಲ್ಲಿ ಜುಮ್ಮೆನ್ನುವುದು ಹೋಗುತ್ತದೆ. ಆಗ ಮತ್ತೆ ಎರಡು ಮೂರು ಸಲ ಜಗಿದು ಇನ್ನೊಂದು ಕೆನ್ನೆಗೆ ಇಡಿ. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಕಾಲು ಗಂಟೆ ಮುಂಚಿನಿಂದ, ಬಾಯಲ್ಲಿ ಇರುವಷ್ಟು ಹೊತ್ತೂ ಕಾಫಿ, ಜ್ಯೂಸು, ಸೋಡಾ ಬೇಡ. ಅವುಗಳ ಹುಳಿಯಿಂದ ನಿಕೋಟಿನ್ ವಸಡಿಗೆ ಇಳಿಯುವುದಿಲ್ಲ.

2 ಮಿಲಿಗ್ರಾಂ ಗಮ್ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ ಬೇಕಾಗಬಹುದು, ಅದಕ್ಕೆ ಡಾಕ್ಟರ ಚೀಟಿ ಬೇಕು. ಮೊದಲ ಆರು ವಾರ ಒಂದರಿಂದ ಎರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾ ಸುಮಾರು ಮೂರು ತಿಂಗಳಿಗೆ ನಿಲ್ಲಿಸುವುದು ವಾಡಿಕೆ. ಚಡಪಡಿಕೆ ಜೋರಾಗುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳಿ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು, 18ರೊಳಗಿನವರು ಡಾಕ್ಟರನ್ನು ಕೇಳದೆ ಬಳಸಬೇಡಿ. ಗಮ್ ಸಾಲದಿದ್ದರೆ ವರೆನಿಕ್ಲಿನ್, ಬುಪ್ರೊಪಿಯಾನ್ ಅನ್ನುವ ಮಾತ್ರೆಗಳಿವೆ, ಅವನ್ನು ಡಾಕ್ಟರೇ ಕೊಡಬೇಕು.

ಸಿಗರೇಟು ಬಿಟ್ಟು ಹೊಗೆಸೊಪ್ಪು, ಗುಟ್ಕಾಕ್ಕೆ ತಿರುಗಬೇಡಿ. ಬಾಯಿ ಹಾಳು, ಉಗುಳಿನಿಂದ ಸೋಂಕು ಬೇರೆ. ಇ-ಸಿಗರೇಟಿನ ಮಾರಾಟವನ್ನು ಕರ್ನಾಟಕ 2016ರಲ್ಲೇ, ದೇಶ 2019ರಲ್ಲಿ ನಿಷೇಧಿಸಿದೆ.

ಹೆಜ್ಜೆ 4: ಚಡಪಡಿಕೆಯ ಐದು ನಿಮಿಷ ದಾಟುವುದು

ಚಡಪಡಿಕೆ ಅಲೆಯ ಹಾಗೆ ಏರಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಕೈ, ಬಾಯಿ ಎರಡಕ್ಕೂ ಕೆಲಸ ಬೇಕು. ನೀರು ಗುಟುಕು ಗುಟುಕಾಗಿ ಕುಡಿಯಿರಿ. ಏಲಕ್ಕಿ, ಲವಂಗ, ಸೋಂಪು ಬಾಯಿಗೆ ಹಾಕಿ. ಕಡಲೆಕಾಯಿ ಸುಲಿಯಿರಿ. ಜಾಗ ಬದಲಿಸಿ: ಸೇದುತ್ತಿದ್ದ ಕುರ್ಚಿಯಿಂದ, ಕಿಟಕಿಯಿಂದ ಎದ್ದು ಹೋಗಿ. ಮೊದಲ ಮೂರು ದಿನ ಕಷ್ಟ ಜಾಸ್ತಿ. ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನದೆಲ್ಲ ತಗ್ಗುತ್ತದೆ.

ಕಾಫಿಯ ವಿಷಯ ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ಸಿಗರೇಟಿನ ಹೊಗೆ ನಮ್ಮ ಲಿವರ್ ಕೆಫೀನನ್ನು ಬೇಗ ಕರಗಿಸುವಂತೆ ಮಾಡಿರುತ್ತದೆ. ಸೇದುವುದು ನಿಂತ ಮೇಲೆ ಅದೇ ಎರಡು ಲೋಟ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ. "ಸಿಗರೇಟು ಬಿಟ್ಟದ್ದಕ್ಕೆ ಹೀಗಾಯಿತು" ಅಂತಲೋ "ಸೋಂಕು ಬಂತು" ಅಂತಲೋ ಹೆದರುತ್ತೀರಿ. ಬಿಟ್ಟ ದಿನದಿಂದ ಕಾಫಿ, ಟೀ ಅರ್ಧಕ್ಕಿಳಿಸಿ. ಸಂಜೆ ಮೇಲೆ ಬೇಡವೇ ಬೇಡ.

ಹೆಜ್ಜೆ 5: ಭಯಕ್ಕೆ ಹೊತ್ತು ಕೊಡಿ, ಹಗಲಿಡೀ ಕೊಡಬೇಡಿ

ಸುದ್ದಿಗೆ ದಿನಕ್ಕೆ ಒಂದು ಹೊತ್ತು ಇಡಿ, ಕಾಲು ಗಂಟೆ ಸಾಕು. ಮಲಗುವ ಮುಂಚಿನ ಹೊತ್ತು ಮಾತ್ರ ಬೇಡ. ಕುಟುಂಬದ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡುವುದರಲ್ಲಿ ತಪ್ಪಿಲ್ಲ. ಬೇಕಾದವರು ಫೋನೇ ಮಾಡುತ್ತಾರೆ.

ಮೈ ಪರೀಕ್ಷೆಗೂ ಹಾಗೇ. ಜ್ವರ ನೋಡುವುದು, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಬೆರಳಿಗೆ ಹಾಕುವುದು, ಕನ್ನಡಿಯಲ್ಲಿ ಗಂಟಲು ನೋಡಿಕೊಳ್ಳುವುದು, ಇವನ್ನು ಗಂಟೆಗೊಮ್ಮೆ ಮಾಡಿದರೆ ಭಯ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಲಕ್ಷಣ ಇಲ್ಲದಿದ್ದರೆ ಪರೀಕ್ಷೆಯೇ ಬೇಡ. ಇದ್ದರೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ ಬರೆದಿಡಿ.

ಆಕ್ಸಿಮೀಟರ್ ಬಗ್ಗೆ ಸೇದುವವರು ತಿಳಿದಿರಲೇಬೇಕಾದ ಮಾತೊಂದಿದೆ. ಆ ಯಂತ್ರ ಬೆರಳಿನೊಳಕ್ಕೆ ಬೆಳಕು ಹಾಯಿಸಿ ರಕ್ತದ ಬಣ್ಣದಿಂದ ಆಮ್ಲಜನಕ ಅಳೆಯುತ್ತದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಅಂಟಿಕೊಂಡ ರಕ್ತವೂ ಅದಕ್ಕೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುತ್ತದೆ. ಜಾಸ್ತಿ ಸೇದುವವರ ರಕ್ತದಲ್ಲಿ ಶೇ. 5ರಿಂದ 10ರಷ್ಟು ಭಾಗ ಹೀಗೆ ಕಾರ್ಬನ್ ಮೊನಾಕ್ಸೈಡ್ ಹಿಡಿದು ಕೂತಿರಬಹುದು. ಯಂತ್ರ 97 ತೋರಿಸಿದರೂ ನಿಜವಾದ ಆಮ್ಲಜನಕ ಅದಕ್ಕಿಂತ ಕಡಿಮೆ ಇರಬಹುದು. ಆದ್ದರಿಂದ ಅಂಕಿಯೊಂದನ್ನೇ ನಂಬಿ ಕೂರಬೇಡಿ. ಅದು 94ಕ್ಕಿಂತ ಕೆಳಗಿಳಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಅಂಕಿ ಚೆನ್ನಾಗಿದ್ದೂ ಮಾತಾಡುವಾಗ ಏದುಸಿರು ಬರುತ್ತಿದ್ದರೆ ಆಗಲೂ ಹೋಗಬೇಕು. "ಹತ್ತು ಸೆಕೆಂಡ್ ಉಸಿರು ಹಿಡಿದರೆ ಕೊರೊನಾ ಇಲ್ಲ" ಅನ್ನುವ ಪರೀಕ್ಷೆ ಶುದ್ಧ ಸುಳ್ಳು.

ಬಿಟ್ಟ ಮೇಲೆ ಬರುವುದು ಯಾವುದು, ಸೋಂಕಿನದು ಯಾವುದು? ಸಿಡುಕು, ತಲೆನೋವು, ನಿದ್ದೆ ಕೆಡುವುದು, ಹಸಿವು, ಮಲಬದ್ಧತೆ ಇವೆಲ್ಲ ಬಿಟ್ಟದ್ದರಿಂದ ಬರುತ್ತವೆ. ಕೆಮ್ಮೂ ಕೆಲವು ದಿನ ಹೆಚ್ಚಬಹುದು, ಗಂಟಲು ಕೆರೆಯಬಹುದು. ಮಂಕಾಗಿದ್ದ ಆ ರೋಮಗಳು ಎಚ್ಚೆತ್ತು ಕಫ ತಳ್ಳುತ್ತಿರುತ್ತವೆ. ಆದರೆ ಸಿಗರೇಟು ಬಿಟ್ಟದ್ದರಿಂದ ಜ್ವರ ಬರುವುದಿಲ್ಲ. ವಾಸನೆ, ರುಚಿ ಹೋಗುವುದಿಲ್ಲ, ಸುಧಾರಿಸುತ್ತವೆ. ಜ್ವರ ಬಂದರೆ, ಕಾಫಿಪುಡಿ ಡಬ್ಬಿ ಮೂಸಿದರೂ ವಾಸನೆ ತಿಳಿಯದಿದ್ದರೆ ಸೋಂಕಿನ ಪರೀಕ್ಷೆ ಮಾಡಿಸಿ. ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಪರೀಕ್ಷೆಯನ್ನೂ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕೊರೊನಾ ಗಲಾಟೆಯಲ್ಲಿ ಸೇದುವವರ ಹಳೇ ಕೆಮ್ಮನ್ನು ಯಾರೂ ಕೇಳಲಿಲ್ಲ ಅನ್ನುವ ನೋವು ನನಗಿದೆ.

ರಾತ್ರಿ ಭಯ ಏರಿದಾಗ ಹೀಗೆ ಮಾಡಿ. ಕೂತು ಎರಡೂ ಪಾದ ನೆಲಕ್ಕೆ ಊರಿ. ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆಯಿರಿ, ಆರು ಎಣಿಸುತ್ತಾ ತುಟಿ ಮೊನಚು ಮಾಡಿ ಮೆಲ್ಲಗೆ ಬಿಡಿ. ಐದು ನಿಮಿಷ. ಆಮೇಲೆ ಭಯದ ಮಾತನ್ನು ಒಂದು ಸಾಲಿನಲ್ಲಿ ಬರೆಯಿರಿ, ಕೆಳಗೆ ಬೆಳಗ್ಗೆ ಅದಕ್ಕೆ ಏನು ಮಾಡುತ್ತೀರಿ ಅಂತ ಬರೆಯಿರಿ. "ಅಮ್ಮನಿಗೂ ಅಂಟಿಸಿದೆನಾ" ಅಂತ ಬರೆದರೆ ಕೆಳಗೆ "ಬೆಳಗ್ಗೆ ಅಮ್ಮನಿಗೆ ಜ್ವರ ನೋಡುವುದು, ಒಂದು ವಾರ ಬೇರೆ ಕೋಣೆಯಲ್ಲಿ ಮಲಗುವುದು." ಮಾಡಲು ಏನೂ ತೋಚದ ಭಯವಾದರೆ ಅದನ್ನೂ ಹಾಗೇ ಬರೆದಿಟ್ಟು ಮಲಗಿ. ದಿನಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಇನ್ನೂ ಬಿಡಲು ಆಗದವರು ಕನಿಷ್ಠ ಇಷ್ಟು ಮಾಡಿ

ಟೀ ಅಂಗಡಿ ಮುಂದಿನ ದೃಶ್ಯ ನೆನಪಿಸಿಕೊಳ್ಳಿ. ಮೂವರು ಸೇರುತ್ತಾರೆ. ಮಾಸ್ಕು ಗದ್ದಕ್ಕಿಳಿಯುತ್ತದೆ. ಚಿಲ್ಲರೆ ದುಡ್ಡು ಮುಟ್ಟಿದ ಕೈಯಲ್ಲೇ ಸಿಗರೇಟು ತುಟಿಗೆ ಹೋಗುತ್ತದೆ. ಎರಡು ದಮ್ ಎಳೆದು ಅದೇ ಸಿಗರೇಟನ್ನು ಪಕ್ಕದವನಿಗೆ ಕೊಡುತ್ತಾರೆ. ಎಂಜಲು, ಉಸಿರು, ಕೈ, ಹರಡುವ ಎಲ್ಲ ದಾರಿಯೂ ಅಲ್ಲಿವೆ. ಹಂಚಿಕೊಂಡು ಸೇದುವುದನ್ನು ಇವತ್ತೇ ನಿಲ್ಲಿಸಿ, ಒಬ್ಬರೇ ದೂರ ನಿಲ್ಲಿ.

ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಬೆಂಕಿ ಗೀರಬೇಡಿ. ಅದರಲ್ಲಿರುವುದು ಆಲ್ಕೊಹಾಲ್, ಹೊತ್ತಿಕೊಂಡರೆ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ. ಸೋಪಿನಿಂದ ತೊಳೆಯಿರಿ.

ಮನೆಯೊಳಗೆ ಸೇದಬೇಡಿ. ಲಾಕ್‌ಡೌನ್‌ನಲ್ಲಿ ಎರಡು ಕೋಣೆಯ ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇಡೀ ದಿನ ಆ ಹೊಗೆಯನ್ನೇ ಉಸಿರಾಡಿದರು. ಬಚ್ಚಲಲ್ಲಿ ಸೇದಿ ಬಾಗಿಲು ಹಾಕಿದರೂ ಹೊಗೆ ಬರುತ್ತದೆ. ಬೀಡಿ ಸಣ್ಣದು, ಎಲೆಯದು, ಅಷ್ಟು ಕೆಟ್ಟದಲ್ಲ ಅನ್ನುವ ನಂಬಿಕೆಯೂ ಬೇಡ. ಅದಕ್ಕೆ ಫಿಲ್ಟರ್ ಇಲ್ಲ. ಆರದಿರಲಿ ಅಂತ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ.

ನಡುವೆ ಒಂದು ಸೇದಿಬಿಟ್ಟರೆ

ಹತ್ತಿರದವರ ಸಾವಿನ ಸುದ್ದಿ ಬಂದ ದಿನ ಎಷ್ಟೋ ಜನ ಮತ್ತೆ ಹಚ್ಚಿದ್ದಾರೆ. ಒಂದು ಸೇದಿದ್ದಕ್ಕೆ ಇಷ್ಟು ದಿನದ್ದೆಲ್ಲ ನೀರಲ್ಲಿ ಮಾಡಿದ ಹೋಮ ಆಗುವುದಿಲ್ಲ. ಉಳಿದ ಪ್ಯಾಕು ಆಗಲೇ ಎಸೆಯಿರಿ, ಮುಂದಿನ ಗಮ್ ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳಿ. ಒಬ್ಬರೇ ಆಗದಿದ್ದರೆ 1800-11-2356ಕ್ಕೆ ಕರೆ ಮಾಡಿ. ಇದು ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ ಉಚಿತ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ. ಬೀಡಿ, ಸಿಗರೇಟು, ಗುಟ್ಕಾ ಎಲ್ಲಕ್ಕೂ ಸಹಾಯ ಸಿಗುತ್ತದೆ.

ಸೋಂಕು ಬಂದೇಬಿಟ್ಟರೆ

ಡಾಕ್ಟರಿಗೆ ನಿಜ ಹೇಳಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯದು ಯಾವಾಗ. ಬೈಸಿಕೊಳ್ಳುತ್ತೇವೆ ಅಂತ ಹತ್ತನ್ನು ಎರಡು ಅನ್ನಬೇಡಿ. ಆಕ್ಸಿಮೀಟರ್ ಅಂಕಿಯನ್ನು ಅವರು ಹೇಗೆ ಓದಬೇಕು ಅನ್ನುವುದೇ ಇದರಿಂದ ಬದಲಾಗುತ್ತದೆ. ಉಬ್ಬಸಕ್ಕೆ ಥಿಯೋಫಿಲಿನ್ ಇರುವ ಮಾತ್ರೆ ಅಥವಾ ಮನೋರೋಗಕ್ಕೆ ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುತ್ತಿದ್ದರೆ, ಸಿಗರೇಟು ಬಿಟ್ಟಿರುವುದನ್ನು ಹೇಳಲೇಬೇಕು. ಕೆಫೀನಿನಂತೆ ಇವೂ ರಕ್ತದಲ್ಲಿ ಏರುತ್ತವೆ, ಪ್ರಮಾಣ ಇಳಿಸಬೇಕಾಗಬಹುದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಆಸ್ಪತ್ರೆ ಸೇರಿದರೆ ಗಮ್ ಬಳಸುತ್ತಿರುವ ವಿಷಯವನ್ನೂ ತಿಳಿಸಿ. ಎದೆನೋವು ಎಡಗೈಗೋ ದವಡೆಗೋ ಹರಿದು ಬೆವರು ಬಂದರೆ, ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ ಇದು ಭಯವೋ ಚಡಪಡಿಕೆಯೋ ಅಂತ ಯೋಚಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಮನೆಯಲ್ಲಿ ಆಮ್ಲಜನಕದ ಸಿಲಿಂಡರ್ ಅಥವಾ ಗಾಳಿಯಿಂದ ಆಮ್ಲಜನಕ ಒದಗಿಸುವ ಯಂತ್ರ (ಕಾನ್ಸಂಟ್ರೇಟರ್) ಇಟ್ಟಿದ್ದರೆ ಆ ಮನೆಯೊಳಗೆ ಯಾರೂ ಬೀಡಿ, ಸಿಗರೇಟು, ಕಡ್ಡಿ ಏನನ್ನೂ ಹಚ್ಚಬಾರದು. ದೇವರ ದೀಪವನ್ನೂ ಆ ಕೋಣೆಯಿಂದ ದೂರ ಇಡಿ.